ಪ್ರತಿಫಲಿಸುವ ಬೆಳಕು: ಒಂದು ಕನ್ನಡಿ ಚೂರಿನ ಕಥೆ



ಕರಾವಳಿಯ ಹಳೆ ಮನೆಗಳಲ್ಲಿ ಬಾವಿಗೆ ಕೊಡಪಾನ ಬೀಳುವುದು ಹೊಸ ಸಂಗತಿಯೇನಲ್ಲ. ಹಗ್ಗ ಸವೆದಿರುತ್ತದೆ ಇಲ್ಲವೇ ಕುಣಿಕೆ ಸಡಿಲವಾಗಿರುತ್ತದೆ. ರಾಟೆ ಒಮ್ಮೆ ಕಿರ್ರೆಂದು ಕೂಗಿ ಹಗ್ಗ ಹಗುರಾಗಿ ಮೇಲೆ ಬರುತ್ತದೆ. ಆಗ ಮಕ್ಕಳನ್ನು ಪಾತಾಳ ಗರಡಿ ಇದ್ದ ಮನೆಗೆ ಓಡಿಸುತ್ತಿದ್ದರು. ಊರಿಗೆಲ್ಲ ಒಂದೋ ಎರಡೋ ಮನೆಯಲ್ಲಿ ಮಾತ್ರ ಇರುತ್ತಿದ್ದ, ಕಬ್ಬಿಣದ ಕೊಕ್ಕೆಗಳ ಆ ಗೊಂಚಲನ್ನು ಹಗ್ಗಕ್ಕೆ ಕಟ್ಟಿ ಬಾವಿಗೆ ಇಳಿಸಿ, ತಳದಲ್ಲೆಲ್ಲ ಆಡಿಸಿ, ಬಿದ್ದ ಪಾತ್ರೆಯನ್ನು ಸಿಕ್ಕಿಸಿ ಎಳೆಯಬೇಕು.

ಆದರೆ ಇಳಿಸುವುದು ಎಲ್ಲಿಗೆ? ಬಾವಿಕಟ್ಟೆಯಿಂದ ಬಗ್ಗಿ ನೋಡಿದರೆ ಕಾಣುವುದು ನಮ್ಮದೇ ಮುಖ, ಅದರ ಹಿಂದೆ ಒಂದು ತುಂಡು ಆಕಾಶ. ತಳ ಕಾಣುವುದೇ ಇಲ್ಲ. ಆಗ ನನ್ನ ದೊಡ್ಡಪ್ಪ ಒಳಗೆ ಹೋಗಿ, ತಾವು ಗಡ್ಡ ಕೆರೆಯುವಾಗ ಬಳಸುತ್ತಿದ್ದ ಅಂಗೈಯಗಲದ ಕನ್ನಡಿಯನ್ನು ತರುತ್ತಿದ್ದರು. ಅಂಗಳದಲ್ಲಿ ಬಿಸಿಲು ಬೀಳುವ ಜಾಗ ನೋಡಿ ನಿಂತು, ಕನ್ನಡಿಯನ್ನು ಅತ್ತಿತ್ತ ವಾಲಿಸಿ, ಒಂದು ಮುಷ್ಟಿ ಬಿಸಿಲನ್ನು ಬಾವಿಯೊಳಕ್ಕೆ ಕಳುಹಿಸುತ್ತಿದ್ದರು. ಆ ಬಿಸಿಲು ಕೆಂಪು ಮುರಕಲ್ಲಿನ ಗೋಡೆಯ ಮೇಲೆ ಜಾರಿ, ನೀರನ್ನು ಸೀಳಿ ತಳಕ್ಕೆ ಇಳಿಯುತ್ತಿತ್ತು. ತಳದ ಕಲ್ಲು, ಕೊಳೆತ ಎಲೆ, ಎಂದೋ ಬಿದ್ದ ಚೆಂಡು, ಎಲ್ಲವೂ ಕಾಣುತ್ತಿದ್ದವು. ನಮಗೆ ಮಕ್ಕಳಿಗೆ ಅದೊಂದು ಜಾದೂ.

ಈ ಕನ್ನಡಿ ಮತ್ತೆ ನೆನಪಾದದ್ದು ದೂರದ ದೇಶದ ಇನ್ನೊಂದು ಕನ್ನಡಿಯ ಕಥೆಯನ್ನು ಓದಿದಾಗ.

ಕ್ರೀಟ್ ದ್ವೀಪದ ಹುಡುಗ

ಈ ಕಥೆಯನ್ನು ನೀವು ಯಾವುದಾದರೂ ಪ್ರವಚನದಲ್ಲೋ ಧ್ಯಾನಕೂಟದಲ್ಲೋ ಕೇಳಿರಬಹುದು. ಅಮೆರಿಕದ ಲೇಖಕ ರಾಬರ್ಟ್ ಫುಲ್ಗಂ 1989ರಲ್ಲಿ ಬಂದ ತಮ್ಮ ಪುಸ್ತಕವೊಂದರಲ್ಲಿ ಇದನ್ನು ಬರೆದರು. ಅಲ್ಲಿಂದ ಅದು ಎಲ್ಲೆಲ್ಲಿಗೋ ಹೋಯಿತು. ಗ್ರೀಸ್ ದೇಶದ ಕ್ರೀಟ್ ದ್ವೀಪದಲ್ಲಿ ಒಂದು ಶಿಬಿರ ಮುಗಿಯುವ ಹೊತ್ತು. ಅದನ್ನು ನಡೆಸಿಕೊಟ್ಟ ಅಲೆಕ್ಸಾಂಡರ್ ಪಾಪಡೆರೋಸ್ ಅವರು ಯಾರಿಗಾದರೂ ಪ್ರಶ್ನೆ ಇದೆಯೇ ಎಂದು ಕೇಳಿದಾಗ ಫುಲ್ಗಂ ಅರ್ಧ ತಮಾಷೆಯಾಗಿ, ಜೀವನದ ಅರ್ಥವೇನು ಎಂದುಬಿಟ್ಟರು. ಕುಳಿತವರೆಲ್ಲ ನಕ್ಕರು. ಪಾಪಡೆರೋಸ್ ನಗಲಿಲ್ಲ. ತಮ್ಮ ಹಣದ ಚೀಲ ತೆಗೆದು, ಒಳಗಿನಿಂದ ನಾಣ್ಯದಷ್ಟು ಚಿಕ್ಕದಾದ ದುಂಡನೆಯ ಕನ್ನಡಿಯೊಂದನ್ನು ಹೊರತೆಗೆದರು.

ಯುದ್ಧಕಾಲದಲ್ಲಿ ಅವರು ಹಳ್ಳಿಯ ಬಡ ಹುಡುಗ. ದಾರಿಯಲ್ಲಿ ಜರ್ಮನ್ ಸೈನಿಕರ ಮೋಟಾರ್ ಸೈಕಲ್ ಒಂದು ಅಪಘಾತಕ್ಕೀಡಾಗಿ ಬಿದ್ದಿತ್ತು. ಅದರ ಒಡೆದ ಕನ್ನಡಿಯ ಚೂರುಗಳನ್ನು ಜೋಡಿಸಲು ನೋಡಿದರು, ಆಗಲಿಲ್ಲ. ಎಲ್ಲಕ್ಕಿಂತ ದೊಡ್ಡ ಚೂರನ್ನು ಇಟ್ಟುಕೊಂಡು, ಕಲ್ಲಿಗೆ ಉಜ್ಜಿ ಉಜ್ಜಿ ದುಂಡಗೆ ಮಾಡಿದರು. ಬಿಸಿಲೇ ಬೀಳದ ಸಂದುಗೊಂದುಗಳಿಗೆ, ಗೋಡೆಯ ಬಿರುಕುಗಳಿಗೆ, ಕತ್ತಲೆ ಮೂಲೆಗಳಿಗೆ ಬೆಳಕು ಬಿಡುವುದೇ ಅವರ ಆಟವಾಯಿತು. ದೊಡ್ಡವರಾದಂತೆ ಇದು ಬರೀ ಆಟವಲ್ಲವೆಂದು ಅವರಿಗೆ ತೋರಿತು. ತಾನು ಬೆಳಕಲ್ಲ, ಬೆಳಕಿನ ಮೂಲವೂ ಅಲ್ಲ. ತಾನೊಂದು ಚೂರು. ಆದರೂ ಬೆಳಕು ತಲುಪದ ಮನುಷ್ಯರ ಮನಸ್ಸಿನ ಮೂಲೆಗೆ ಅದನ್ನು ತಲುಪಿಸಲು ತನ್ನಿಂದ ಸಾಧ್ಯ. ಅವರ ಉತ್ತರದ ಸಾರ ಇಷ್ಟು.

ಸಾಮಾನ್ಯವಾಗಿ ಕಥೆ ಇಲ್ಲಿಗೆ ಮುಗಿಯುತ್ತದೆ. ಕೇಳಿದವರು ತಲೆದೂಗಿ ಮನೆಗೆ ಹೋಗುತ್ತಾರೆ. ನಾನೂ ಹಾಗೆಯೇ ತಲೆದೂಗಿದವನು. ಆದರೆ ಆ ಕನ್ನಡಿ ಯಾರದ್ದು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದಿಲ್ಲ. ಅದು ಶತ್ರುವಿನ ಗಾಡಿಯ ಕನ್ನಡಿ. ಆ ಶತ್ರು ಅಲ್ಲಿ ಮಾಡಿದ್ದೇನು ಎಂದು ತಿಳಿಯದೆ ಈ ಕಥೆಯ ಭಾರ ಗೊತ್ತಾಗುವುದಿಲ್ಲ.

ಕಂಡಾನೋಸ್ ಎಂಬ ಊರು

1941ರ ಮೇ 20ರಂದು ಜರ್ಮನಿಯ ಪ್ಯಾರಾಚೂಟ್ ಸೈನಿಕರು ಕ್ರೀಟ್ ಮೇಲೆ ಆಕಾಶದಿಂದ ಇಳಿದರು. ದ್ವೀಪದ ಪಶ್ಚಿಮ ಭಾಗದ ಮಾಲೆಮೆ ಎಂಬಲ್ಲಿನ ವಿಮಾನ ನಿಲ್ದಾಣಕ್ಕಾಗಿ ಘೋರ ಕಾಳಗ ನಡೆಯಿತು. ಸೈನ್ಯದವರ ಜೊತೆಗೆ ಊರಿನ ಸಾಮಾನ್ಯ ಜನರೂ ಕೈಗೆ ಸಿಕ್ಕಿದ್ದನ್ನು ಹಿಡಿದು ಹೋರಾಡಿದರು. ದ್ವೀಪ ಕೈವಶವಾದ ಮೇಲೆ ಜರ್ಮನರು ಸೇಡು ತೀರಿಸಿಕೊಂಡರು. ಜೂನ್ 2ರಂದು ಕೊಂಡೊಮಾರಿ ಗ್ರಾಮದ ಗಂಡಸರನ್ನು ಸಾಲಾಗಿ ನಿಲ್ಲಿಸಿ ಗುಂಡಿಕ್ಕಿದರು. ಮರುದಿನ, ಜೂನ್ 3ರಂದು, ಕಂಡಾನೋಸ್ ಎಂಬ ಇಡೀ ಊರನ್ನೇ ನೆಲಸಮ ಮಾಡಿದರು. ಸುಮಾರು 180 ಜನ ಸತ್ತರು. ಇಲ್ಲಿ ಕಂಡಾನೋಸ್ ಇತ್ತು, ಇನ್ನೆಂದೂ ಇದನ್ನು ಕಟ್ಟಕೂಡದು ಎಂಬ ಅರ್ಥದ ಫಲಕಗಳನ್ನೂ ನಿಲ್ಲಿಸಿ ಹೋದರು.

ಪಾಪಡೆರೋಸ್ ಹುಟ್ಟಿದ್ದು 1933ರಲ್ಲಿ, ಅದೇ ಪಶ್ಚಿಮ ಕ್ರೀಟ್‌ನ ಬೆಟ್ಟಸೀಮೆಯಲ್ಲಿ. ಇದೆಲ್ಲ ನಡೆದಾಗ ಅವರಿಗೆ ಏಳೆಂಟು ವರ್ಷ. ಅಂಥ ಹುಡುಗ ಶತ್ರುವಿನ ಒಡೆದ ಕನ್ನಡಿಯನ್ನು ಎತ್ತಿಕೊಂಡು ಆಟಿಕೆ ಮಾಡಿಕೊಂಡ. ಅದರ ಚೂಪಾದ ಅಂಚನ್ನು ಉಜ್ಜಿ ಉಜ್ಜಿ ಮೊಂಡು ಮಾಡಿದ. ಮುಂದೆ ಅದೇ ಹುಡುಗ ಉನ್ನತ ವ್ಯಾಸಂಗಕ್ಕೆ ಹೋದದ್ದು ಜರ್ಮನಿಗೆ!

ಇತ್ತ ಜರ್ಮನಿಯಲ್ಲಿ ಲೋಥಾರ್ ಕ್ರೈಸಿಗ್ ಎಂಬ ನ್ಯಾಯಾಧೀಶರಿದ್ದರು. ಹಿಟ್ಲರನ ಕಾಲದಲ್ಲಿ ಮಾನಸಿಕ ಅಸ್ವಸ್ಥರನ್ನು ಸರಕಾರವೇ ಕೊಲ್ಲಿಸುತ್ತಿದ್ದಾಗ, ಅದನ್ನು ಬಹಿರಂಗವಾಗಿ ವಿರೋಧಿಸಿ ಹುದ್ದೆ ಕಳೆದುಕೊಂಡವರು. 1958ರಲ್ಲಿ ಅವರು ಜರ್ಮನಿಯ ಪ್ರೊಟೆಸ್ಟಂಟ್ ಸಭೆಯ ಸಮ್ಮೇಳನದಲ್ಲಿ ಒಂದು ಕರೆ ಕೊಟ್ಟರು. ನಮ್ಮವರು ಹಾಳು ಮಾಡಿದ ದೇಶಗಳಿಗೆ ನಮ್ಮ ಯುವಜನರು ಹೋಗಲಿ, ಅಲ್ಲಿನವರ ಅನುಮತಿ ಬೇಡಿ, ಕೈಯಾರೆ ಏನಾದರೂ ಒಳ್ಳೆಯದನ್ನು ಕಟ್ಟಿಕೊಡಲಿ ಎಂಬುದು ಅದರ ತಾತ್ಪರ್ಯ. 'ಪ್ರಾಯಶ್ಚಿತ್ತದ ಕುರುಹು' ಎಂಬ ಅರ್ಥದ ಹೆಸರು ಆ ಕಾರ್ಯಕ್ಕೆ. ಇದರಂತೆ 1960ರ ದಶಕದ ಆರಂಭದಲ್ಲಿ ಜರ್ಮನ್ ಯುವಕರು ಬಂದ ಜಾಗಗಳಲ್ಲಿ ಕಂಡಾನೋಸ್ ಕೂಡ ಒಂದು. ಅವರು ಅಲ್ಲಿ ಕಟ್ಟಿದ್ದು ಊರಿಗೆ ನೀರು ಕೊಡುವ ಸ್ಥಾವರವನ್ನು.

ಸ್ವಲ್ಪ ಯೋಚಿಸಿ ನೋಡಿ. ನಿಮ್ಮ ಅಪ್ಪನನ್ನು ಕೊಂದವರ ಭಾಷೆ ಮಾತನಾಡುವ ಹುಡುಗನೊಬ್ಬ ಗುದ್ದಲಿ ಹಿಡಿದು ನಿಮ್ಮ ಅಂಗಳದ ಮುಂದೆ ನಿಂತಿದ್ದಾನೆ. ಅವನಿಗೆ ಒಂದು ಲೋಟ ನೀರು ಕೊಡಲು ಎಂಥ ಮನಸ್ಸು ಬೇಕು? ನಾವಾಗಿದ್ದರೆ ಕೊಡುತ್ತಿದ್ದೆವೇ? ಕ್ಷಮೆಯ ಬಗ್ಗೆ ಮಾತನಾಡುವುದು ಸುಲಭ. ಜಾಗದ ಗಡಿಯ ಒಂದು ತೆಂಗಿನ ಮರಕ್ಕಾಗಿ ಹದಿನೈದು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮ ಊರುಗಳಲ್ಲೇ ಇದ್ದಾರೆ.

1968ರಲ್ಲಿ ಪಶ್ಚಿಮ ಕ್ರೀಟ್‌ನ ಧರ್ಮಾಧ್ಯಕ್ಷರಾಗಿದ್ದ ಐರಿನೆಯೋಸ್ ಮತ್ತು ಪಾಪಡೆರೋಸ್ ಸೇರಿ ಕೊಲಿಂಬಾರಿ ಎಂಬಲ್ಲಿ, ಗೋನಿಯಾ ಮಠದ ಪಕ್ಕದಲ್ಲೇ ಕ್ರೀಟ್ ಆರ್ಥೊಡಾಕ್ಸ್ ಅಕಾಡೆಮಿಯನ್ನು ಸ್ಥಾಪಿಸಿದರು. ಹಗೆಯಿದ್ದ ಜನಾಂಗಗಳವರು, ಬೇರೆ ಬೇರೆ ಸಭೆಗಳವರು, ವಿಜ್ಞಾನಿಗಳು, ರೈತರು ಒಂದೇ ಮೇಜಿನ ಸುತ್ತ ಕೂತು ಮಾತನಾಡಲಿ ಎಂಬುದು ಅದರ ಉದ್ದೇಶ. ಫುಲ್ಗಂ ಆ ಪ್ರಶ್ನೆ ಕೇಳಿದ್ದೂ ಇಲ್ಲಿಯೇ. ಪಕ್ಕದ ಗೋನಿಯಾ ಮಠದಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ದ್ವೀಪದ ಅಲ್ಲಲ್ಲಿ ಹೂತಿದ್ದ ಜರ್ಮನ್ ಸೈನಿಕರ ಅಸ್ಥಿಗಳನ್ನು ಒಟ್ಟುಗೂಡಿಸಿದಾಗ, ಅವುಗಳಿಗೊಂದು ಸ್ಮಶಾನ ಸಿದ್ಧವಾಗುವ ತನಕ ಹತ್ತಕ್ಕೂ ಹೆಚ್ಚು ವರ್ಷ ಜಾಗ ಕೊಟ್ಟವರು ಆ ಮಠದ ಸನ್ಯಾಸಿಗಳು. 1974ರಲ್ಲಿ ಮಾಲೆಮೆಯ ಗುಡ್ಡದ ಮೇಲೆ ಸ್ಮಶಾನ ತಯಾರಾಯಿತು. ಅಲ್ಲಿ 4,400ಕ್ಕೂ ಹೆಚ್ಚು ಸೈನಿಕರನ್ನು ಮಣ್ಣು ಮಾಡಲಾಗಿದೆ.

ಆ ಸ್ಮಶಾನವನ್ನು ನೋಡಿಕೊಳ್ಳುವ ಕೆಲಸಕ್ಕೆ ಬಂದವರು ಜಾರ್ಜ್ ಸಿಕುಂಡಾಕಿಸ್. ಯುದ್ಧದ ಕಾಲದಲ್ಲಿ ಈತ ಕುರಿ ಕಾಯುವ ಹುಡುಗ. ಜರ್ಮನರ ಕಣ್ಣು ತಪ್ಪಿಸಿ, ಗುಪ್ತ ಸಂದೇಶಗಳನ್ನು ಹೊತ್ತು, ಬೆಟ್ಟದಿಂದ ಬೆಟ್ಟಕ್ಕೆ ರಾತ್ರಿಯೆಲ್ಲ ಓಡಿದವರು. ಯುದ್ಧ ಮುಗಿದ ಮೇಲೆ ಅವರ ಸ್ವಂತ ದೇಶದವರೇ, ಸೈನ್ಯದಿಂದ ತಪ್ಪಿಸಿಕೊಂಡವನೆಂದು ತಪ್ಪಾಗಿ ತಿಳಿದು, ಅವರನ್ನು ಜೈಲಿಗೆ ಹಾಕಿದರು. ಅವರು ಬರೆದ ಯುದ್ಧದ ನೆನಪುಗಳು 1955ರಲ್ಲಿ ಇಂಗ್ಲಿಷಿಗೆ ಬಂದು ಹೆಸರಾದವು. ಹೋಮರನ ಮಹಾಕಾವ್ಯಗಳನ್ನು ಕ್ರೀಟ್‌ನ ಆಡುನುಡಿಗೆ ತಂದವರೂ ಇವರೇ. ಅಂಥವರು ತಾವು ಯಾರ ವಿರುದ್ಧ ಓಡಿದ್ದರೋ ಅವರ ಸಮಾಧಿಗಳ ಮೇಲಿನ ಹುಲ್ಲು ಕತ್ತರಿಸುತ್ತಾ, ಗಿಡಗಳಿಗೆ ನೀರುಣಿಸುತ್ತಾ ವರ್ಷಗಟ್ಟಲೆ ದುಡಿದರು. ಹೊಟ್ಟೆಪಾಡಿನ ಕೆಲಸ ಎಂದು ಯಾರಾದರೂ ಹೇಳಬಹುದು, ಅದೂ ಸುಳ್ಳಲ್ಲ. ಆದರೂ ಅದೇ ಕೆಲಸ. 2006ರಲ್ಲಿ ಅವರು ತೀರಿಕೊಂಡರು.

ಧರ್ಮಾಧ್ಯಕ್ಷ ಐರಿನೆಯೋಸ್ ಅವರ ಬಗ್ಗೆ ಇನ್ನೊಂದು ಮಾತು, ಕಡಲತೀರದವರಾದ ನಮಗೆ ಇದು ಬೇಗ ಅರ್ಥವಾದೀತು. 1966ರ ಡಿಸೆಂಬರ್ 8ರಂದು ಕ್ರೀಟ್‌ನಿಂದ ಹೊರಟ 'ಹೆರಾಕ್ಲಿಯೋನ್' ಎಂಬ ಹಡಗು ಬಿರುಗಾಳಿಯಲ್ಲಿ ಮುಳುಗಿತು. ಒಳಗೆ ಸರಿಯಾಗಿ ಕಟ್ಟದ ಲಾರಿಯೊಂದು ಜಾರಿ ಬಾಗಿಲಿಗೆ ಬಡಿದು ನೀರು ನುಗ್ಗಿತ್ತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಊರೆಲ್ಲ ಅತ್ತಿತು, ಹಡಗಿನ ಒಡೆಯರನ್ನು ಶಪಿಸಿತು. ಐರಿನೆಯೋಸ್ ಜನರಿಗೆ ಹೇಳಿದ್ದು ಬೇರೆ. ನಾವೇ ಹಡಗು ಕೊಳ್ಳೋಣ ಎಂದರು! 1967ರಲ್ಲಿ ರೈತರು, ಅಂಗಡಿಯವರು, ಶಿಕ್ಷಕರು ತಮ್ಮ ಪುಡಿಗಾಸು ಸೇರಿಸಿ ಷೇರು ಕೊಂಡು 'ಆನೆಕ್' ಎಂಬ ಹಡಗು ಕಂಪೆನಿ ಕಟ್ಟಿದರು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದರ ಹಡಗುಗಳು ಆ ಕಡಲಿನಲ್ಲಿ ಓಡಾಡಿದವು. 2023ರಲ್ಲಿ ಕಂಪೆನಿ ಇನ್ನೊಂದು ದೊಡ್ಡ ಸಂಸ್ಥೆಯಲ್ಲಿ ವಿಲೀನವಾಯಿತು. ದುಃಖವನ್ನು ಯಾವ ಕಡೆಗೆ ತಿರುಗಿಸುತ್ತೇವೆ ಎಂಬುದರ ಮೇಲೆ ಎಷ್ಟೊಂದು ನಿಂತಿದೆ, ನೋಡಿ.

ಕನ್ನಡಿ ಮಾಡುವುದೇನು?

ಈಗ ಸ್ವಲ್ಪ ವಿಜ್ಞಾನ. ಹೆದರಬೇಡಿ, ಶಾಲೆಯಲ್ಲಿ ಕಲಿತದ್ದೇ.

ಕನ್ನಡಿಗೆ ಬೆಳಕು ಯಾವ ಕೋನದಲ್ಲಿ ಬಂದು ಬೀಳುತ್ತದೋ ಅದೇ ಕೋನದಲ್ಲಿ ಆಚೆಗೆ ಹೊರಡುತ್ತದೆ. ಕನ್ನಡಿ ತನ್ನದೆಂದು ಏನನ್ನೂ ಸೇರಿಸುವುದಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಕಳೆಯುತ್ತದೆ. ಒಳ್ಳೆಯ ಕನ್ನಡಿಯೂ ಬಿದ್ದ ಬೆಳಕಿನಲ್ಲಿ ಒಂದಂಶವನ್ನು ತಾನೇ ನುಂಗುತ್ತದೆ, ಧೂಳು ಕೂತಿದ್ದರೆ ಇನ್ನೂ ಹೆಚ್ಚು. ಆದರೆ ಕನ್ನಡಿಯನ್ನು ಒಂದು ಡಿಗ್ರಿ ತಿರುಗಿಸಿದರೆ ಅದರಿಂದ ಹೊರಡುವ ಬೆಳಕು ಎರಡು ಡಿಗ್ರಿ ತಿರುಗುತ್ತದೆ. ಕೈ ಒಂದಿಷ್ಟು ಅಲುಗಿದರೂ ಬಾವಿಯ ತಳದಲ್ಲಿದ್ದ ಬೆಳಕು ಗೋಡೆಯ ಮೇಲಕ್ಕೆ ಹಾರಿಬಿಡುವುದು ಇದರಿಂದಲೇ. ದೊಡ್ಡಪ್ಪ ಮೊಣಕೈಯನ್ನು ಬಾವಿಕಟ್ಟೆಯ ಕಂಬಕ್ಕೆ ಊರಿ ಏಕೆ ನಿಲ್ಲುತ್ತಿದ್ದರೆಂದು ನನಗೆ ತಿಳಿದದ್ದು ಹೈಸ್ಕೂಲಿಗೆ ಬಂದ ಮೇಲೆ.

ಇನ್ನೊಂದು ಸಂಗತಿ ಬಹಳ ಚೆಂದದ್ದು, ನೀವೇ ಮಾಡಿ ನೋಡಬಹುದು. ತ್ರಿಕೋನವೋ ಮೊಂಡು ಮೊಂಡೋ ಆಗಿರುವ ಒಂದು ಚಿಕ್ಕ ಕನ್ನಡಿ ಚೂರನ್ನು ಬಿಸಿಲಿಗೆ ಹಿಡಿದು, ಬೆಳಕನ್ನು ಹತ್ತಿರದ ಗೋಡೆಗೆ ಬಿಡಿ. ಚೂರಿನ ಆಕಾರವೇ ಗೋಡೆಯ ಮೇಲೆ ಕಾಣುತ್ತದೆ. ಈಗ ಅದನ್ನೇ ದೂರದ ಗೋಡೆಗೆ ಬಿಡಿ. ಬೆಳಕು ದುಂಡಗಾಗಿರುತ್ತದೆ! ಏಕೆಂದರೆ ಸೂರ್ಯ ನಮ್ಮ ಕಣ್ಣಿಗೆ ಬಿಂದುವಲ್ಲ, ಅರ್ಧ ಡಿಗ್ರಿಯಷ್ಟು ಅಗಲದ ದುಂಡು ಬಿಲ್ಲೆ. ಚೂರಿನಿಂದ ಹೊರಟ ಬೆಳಕು ಹತ್ತು ಮೀಟರ್ ದೂರ ಹೋಗುವಷ್ಟರಲ್ಲಿ ಸುಮಾರು 9 ಸೆಂಟಿಮೀಟರ್ ಹರಡುತ್ತದೆ, ಹರಡಿ ಸೂರ್ಯನ ಆಕಾರವನ್ನೇ ತಾಳುತ್ತದೆ. ದೂರದಲ್ಲಿ ಕಾಣುವುದು ಚೂರಿನ ರೂಪವಲ್ಲ, ಸೂರ್ಯನ ರೂಪ.

ಅಂದರೆ ಪಾಪಡೆರೋಸ್ ಎಂಬ ಹುಡುಗ ಆ ಚೂರನ್ನು ಕಲ್ಲಿಗೆ ಉಜ್ಜಿ ದುಂಡಗೆ ಮಾಡಬೇಕಾಗಿಯೇ ಇರಲಿಲ್ಲ. ಬೆರಳು ಕುಯ್ಯದಂತೆ ಅಂಚು ಸವೆಸಿದ್ದು ಒಳ್ಳೆಯದೇ ಆಯಿತು. ಆದರೆ ಮೊಂಡಾದ ಚೂರೂ ದೂರದ ಕತ್ತಲೆಗೆ ದುಂಡು ಬೆಳಕನ್ನೇ ಕಳುಹಿಸುತ್ತಿತ್ತು. ನಾನು ಸರಿಯಾದ ಮೇಲೆ, ನನ್ನ ಸಾಲವೆಲ್ಲ ತೀರಿದ ಮೇಲೆ, ಮಕ್ಕಳು ಒಂದು ದಡ ಸೇರಿದ ಮೇಲೆ ಏನಾದರೂ ಒಳ್ಳೆಯ ಕೆಲಸ ಮಾಡುತ್ತೇನೆ ಎನ್ನುವ ನನ್ನಂಥವರಿಗೆ ಈ ಪುಟ್ಟ ವಿಜ್ಞಾನ ಸ್ವಲ್ಪ ಇರಿಯುತ್ತದೆ.

ಸೂರ್ಯನಿಲ್ಲದ ಊರು

ಇಟಲಿಯ ಉತ್ತರದಲ್ಲಿ, ಆಲ್ಪ್ಸ್ ಪರ್ವತಗಳ ಇಕ್ಕಟ್ಟಾದ ಅಂಟ್ರೋನಾ ಕಣಿವೆಯಲ್ಲಿ ವಿಗನೆಲ್ಲಾ ಎಂಬ ಹಳ್ಳಿಯಿದೆ. ಎದುರಿನ ಪರ್ವತ ಎಷ್ಟು ಎತ್ತರವೆಂದರೆ, ಚಳಿಗಾಲದಲ್ಲಿ ಸೂರ್ಯ ಅದರ ನೆತ್ತಿಯನ್ನು ದಾಟುವುದೇ ಇಲ್ಲ. ನವೆಂಬರ್ 11ಕ್ಕೆ, ಅಂದರೆ ಸಂತ ಮಾರ್ಟಿನರ ಹಬ್ಬದಂದು ಹೋದ ಬಿಸಿಲು ಮತ್ತೆ ಬರುವುದು ಫೆಬ್ರವರಿ 2ಕ್ಕೆ. ಆ ದಿನ ಯಾವ ಹಬ್ಬವೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಬಾಲಯೇಸುವನ್ನು ದೇವಾಲಯದಲ್ಲಿ ಅರ್ಪಿಸಿದ ಸ್ಮರಣೆ, ಮೇಣದ ಬತ್ತಿಗಳನ್ನು ಆಶೀರ್ವದಿಸುವ ದಿನ. ಶತಮಾನಗಳ ಕಾಲ ವಿಗನೆಲ್ಲಾದ ಜನ ಬತ್ತಿ ಹಿಡಿದ ದಿನವೇ ಬಿಸಿಲನ್ನೂ ಕಂಡಿದ್ದಾರೆ.

ಈ ಹಳ್ಳಿಯಲ್ಲಿ ಉಳಿದದ್ದು ಸುಮಾರು ಇನ್ನೂರು ಜನ, ಹೆಚ್ಚಿನವರು ಮುದುಕರು. 1999ರಲ್ಲಿ ಊರಿನ ಚರ್ಚಿನ ಗೋಡೆಗೆ ನೆರಳು ಗಡಿಯಾರ ಮಾಡಿಸುವ ಮಾತು ಬಂತು. ವರ್ಷದಲ್ಲಿ ಸುಮಾರು ಮೂರು ತಿಂಗಳು ಬಿಸಿಲೇ ಇಲ್ಲದ ಊರಿಗೆ ನೆರಳು ಗಡಿಯಾರ ಏಕೆ ಎಂಬ ಪ್ರಶ್ನೆಯಿಂದ ಶುರುವಾದದ್ದು, ಬಿಸಿಲನ್ನೇ ತರಿಸಬಾರದೇಕೆ ಎಂಬಲ್ಲಿಗೆ ಹೋಯಿತು! ವಾಸ್ತುಶಿಲ್ಪಿ ಜಾಕೊಮೊ ಬೊನ್ಜಾನಿ ಮತ್ತು ಊರಿನ ಮೇಯರ್ ಪಿಯರ್‌ಫ್ರಾಂಕೊ ಮಿದಾಲಿ ಹಿಂದೆ ಬಿದ್ದರು. ಕೊನೆಗೆ 2006ರ ಡಿಸೆಂಬರ್ 17ರಂದು, ಬಿಸಿಲು ಬೀಳುವ ಬೆಟ್ಟದ ಮೇಲೆ 8 ಮೀಟರ್ ಅಗಲ, 5 ಮೀಟರ್ ಎತ್ತರದ ಉಕ್ಕಿನ ಕನ್ನಡಿ ಕೆಲಸ ಆರಂಭಿಸಿತು. ಕಂಪ್ಯೂಟರ್ ಅದನ್ನು ಸೂರ್ಯನ ಚಲನೆಗೆ ತಕ್ಕಂತೆ ತಿರುಗಿಸುತ್ತದೆ, ಬೆಳಕು ಕೆಳಗೆ ಚರ್ಚಿನ ಮುಂದಿನ ಚೌಕಕ್ಕೆ ಬೀಳುತ್ತದೆ.

ಕನ್ನಡಿ ಬೆಳಗಿಸುವುದು ಇಡೀ ಊರನ್ನಲ್ಲ, ಚೌಕವೊಂದನ್ನೇ. ಬಿಸಿಲು ಬೇಕಾದವರು ತಮ್ಮ ತಮ್ಮ ಮನೆಯಿಂದ ಹೊರಟು ಎಲ್ಲರೂ ಸೇರುವ ಜಾಗಕ್ಕೇ ಬರಬೇಕು. ಪ್ರತಿ ಮನೆಗೂ ಒಂದೊಂದು ಕನ್ನಡಿ ಹಾಕಿದ್ದರೆ ಚಳಿಗಾಲದಲ್ಲಿ ಆ ಮುದುಕರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರೋ ಇಲ್ಲವೋ.

ನಾರ್ವೆ ದೇಶದ ರ್ಯೂಕಾನ್ ಪಟ್ಟಣದಲ್ಲೂ ಇಂಥದ್ದೇ ಕನ್ನಡಿಗಳಿವೆ. ಕಾರ್ಖಾನೆಗಾಗಿ ಕಟ್ಟಿದ ಆ ಪಟ್ಟಣಕ್ಕೆ ಕನ್ನಡಿಯಿಂದ ಬಿಸಿಲು ತರುವ ಯೋಚನೆ ಮೊದಲು ಬಂದದ್ದು 1913ರಲ್ಲಿ. ಆಗ ಆಗಲಿಲ್ಲ. 1928ರಲ್ಲಿ ಜನರನ್ನೇ ಬಿಸಿಲಿನ ಕಡೆಗೆ ಒಯ್ಯಲು ಬೆಟ್ಟಕ್ಕೆ ತಂತಿ ತೊಟ್ಟಿಲು ಹಾಕಿದರು. ಕನ್ನಡಿಗಳು ಬಂದದ್ದು 2013ರಲ್ಲಿ, ನೂರು ವರ್ಷದ ನಂತರ. ಮೂರು ಕನ್ನಡಿಗಳು, ಒಟ್ಟು 51 ಚದರ ಮೀಟರ್.

ಚಂದ್ರ ಮತ್ತು ರಸ್ತೆಯ ಬೆಕ್ಕಿನ ಕಣ್ಣು

ಎಲ್ಲಕ್ಕಿಂತ ಹಳೆಯ ಕನ್ನಡಿ ನಮ್ಮ ತಲೆಯ ಮೇಲೆಯೇ ಇದೆ. ಹುಣ್ಣಿಮೆಯ ಚಂದ್ರ ಅಷ್ಟು ಬೆಳ್ಳಗೆ ಕಂಡರೂ ಅದರ ನೆಲ ಸವೆದ ಡಾಂಬರು ರಸ್ತೆಯಷ್ಟು ಕಪ್ಪು. ಬಿದ್ದ ಬೆಳಕಿನಲ್ಲಿ ನೂರಕ್ಕೆ ಹನ್ನೆರಡು ಪಾಲನ್ನು ಮಾತ್ರ ಅದು ಹಿಂತಿರುಗಿಸುತ್ತದೆ. ಸೂರ್ಯನಿಗೆ ಹೋಲಿಸಿದರೆ ಹುಣ್ಣಿಮೆಯ ಬೆಳಕು ಸುಮಾರು ನಾಲ್ಕು ಲಕ್ಷ ಪಟ್ಟು ಕಡಿಮೆ. ಆದರೂ ಬಲೆ ಬೀಸುವವನಿಗೆ, ರಾತ್ರಿ ಗದ್ದೆಯ ಅಂಚಿನಲ್ಲಿ ನಡೆದು ಮನೆಗೆ ಹೋಗುವವನಿಗೆ ಅಷ್ಟೇ ಸಾಕಾಗುತ್ತಿತ್ತು.

ನಾಲ್ಕನೆಯ ಶತಮಾನದಲ್ಲಿ ಮಿಲಾನಿನ ಧರ್ಮಾಧ್ಯಕ್ಷರಾಗಿದ್ದ ಸಂತ ಅಂಬ್ರೋಸರು ಧರ್ಮಸಭೆಯನ್ನು ಚಂದ್ರನಿಗೆ ಹೋಲಿಸಿದರು. ಚಂದ್ರನಂತೆ ಅದಕ್ಕೂ ಸ್ವಂತ ಬೆಳಕಿಲ್ಲ, ಅದೂ ಹೆಚ್ಚುತ್ತದೆ, ಕುಂದುತ್ತದೆ. 2001ರ ಜನವರಿಯಲ್ಲಿ ಎರಡನೆಯ ಜಾನ್ ಪಾವ್ಲ್ ಜಗದ್ಗುರುಗಳು ಹೊಸ ಸಹಸ್ರಮಾನದ ಪತ್ರದಲ್ಲಿ ಈ ಹೋಲಿಕೆಯನ್ನು ನೆನಪಿಸಿದರು. 2013ರ ಮಾರ್ಚ್‌ನಲ್ಲಿ ಹೊಸ ಜಗದ್ಗುರುಗಳ ಆಯ್ಕೆಗೆ ಮುನ್ನ ಕಾರ್ಡಿನಲರು ಸೇರಿದ್ದಾಗ, ಬ್ಯೂನಸ್ ಐರಿಸ್‌ನ ಕಾರ್ಡಿನಲ್ ಬೆರ್ಗೋಗ್ಲಿಯೊ ಮತ್ತೆ ಇದೇ ಮಾತನ್ನು ಎತ್ತಿದರು. ತನ್ನ ಸುತ್ತಲೇ ಸುತ್ತುವ ಸಭೆಯು, ತನಗೆ ಸ್ವಂತ ಬೆಳಕಿದೆಯೆಂದು ತನಗರಿವಿಲ್ಲದೆಯೇ ನಂಬಿಬಿಡುತ್ತದೆ ಎಂಬುದು ಅವರ ಎಚ್ಚರಿಕೆ. ಕೆಲವೇ ದಿನಗಳಲ್ಲಿ ಅವರೇ ಫ್ರಾನ್ಸಿಸ್ ಜಗದ್ಗುರುಗಳಾದರು. 2025ರ ಏಪ್ರಿಲ್‌ನಲ್ಲಿ ತೀರಿಕೊಳ್ಳುವ ತನಕ ಆ ಎಚ್ಚರಿಕೆಯನ್ನು ಬೇರೆ ಬೇರೆ ಮಾತುಗಳಲ್ಲಿ ಹೇಳುತ್ತಲೇ ಇದ್ದರು. ಇದು ಧರ್ಮಸಭೆಗೆ ಮಾತ್ರ ಅನ್ವಯಿಸುವ ಮಾತೇ? ನಮ್ಮ ಸಂಘಗಳ ಅಧ್ಯಕ್ಷರನ್ನು, ವಾರ್ಷಿಕೋತ್ಸವದ ಫಲಕಗಳಲ್ಲಿ ಕೆತ್ತಿಸಿದ ಹೆಸರುಗಳನ್ನು ನೋಡುವಾಗ ನನಗೆ ಚಂದ್ರನ ನೆನಪಾಗುವುದುಂಟು.

ಇನ್ನೊಂದು ಬಗೆಯ ಪ್ರತಿಫಲನವೂ ಇದೆ. ರಾತ್ರಿ ಹೆದ್ದಾರಿಯಲ್ಲಿ ಹೋಗುವಾಗ ರಸ್ತೆಗೆ ಹುಗಿದ ಗುಬುಟುಗಳು ಸಾಲಾಗಿ ಫಳಫಳ ಹೊಳೆಯುವುದನ್ನು ನೋಡಿದ್ದೀರಿ. 1934ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರಿನ ಪರ್ಸಿ ಶಾ ಎಂಬವರು ಕಂಡುಹಿಡಿದ 'ಬೆಕ್ಕಿನ ಕಣ್ಣು' ಇವುಗಳ ಹಿರಿಯಜ್ಜ. ಇವು ಬೆಳಕನ್ನು ಬಂದ ದಾರಿಗೇ ಹಿಂದಕ್ಕೆ ಕಳುಹಿಸುತ್ತವೆ. ಹಾಗಾಗಿ ದೀಪ ಹಾಕಿಕೊಂಡು ಬರುವ ವಾಹನದವನಿಗೆ ಇವು ಹೊಳೆಯುತ್ತವೆ, ಪಕ್ಕದಲ್ಲಿ ಬರಿಗಾಲಲ್ಲಿ ನಡೆಯುವವನಿಗೆ ಕಲ್ಲಿನಂತೆ ಕಪ್ಪಗೇ ಇರುತ್ತವೆ. ರಸ್ತೆಗೆ ಇದು ಬೇಕು. ಆದರೆ ಮನುಷ್ಯರಲ್ಲೂ ಈ ಜಾತಿಯವರಿದ್ದಾರೆ. ತಮಗೆ ಉಪಕಾರ ಮಾಡಬಲ್ಲವರಿಗೆ ಮಾತ್ರ ಉಪಕಾರ, ಔತಣಕ್ಕೆ ಕರೆದವರಿಗೆ ಮಾತ್ರ ಔತಣ.

ಕನ್ನಡಿಯಿಂದ ಕೇಡೂ ಆಗುತ್ತದೆ. ಶಾಲೆಯಲ್ಲಿ ನಾವು ಕನ್ನಡಿ ಚೂರಿನಿಂದ ಮೇಷ್ಟ್ರ ಕಣ್ಣಿಗೆ ಬಿಸಿಲು ಬಿಟ್ಟು ಪೆಟ್ಟು ತಿಂದವರು. ಬೆಳಕು ಒಂದೇ, ಕನ್ನಡಿಯೂ ಅದೇ. ಕತ್ತಲೆಗೆ ಹಿಡಿದರೆ ದಾರಿ, ಕಣ್ಣಿಗೆ ಹಿಡಿದರೆ ಕುರುಡು. ಇನ್ನೊಬ್ಬರ ತಪ್ಪನ್ನು ಸಾವಿರ ಜನರ ಮುಂದೆ ಬೆಳಕಿಗೆ ತರುವುದೇ ಸಮಾಜ ಸುಧಾರಣೆ ಎಂದುಕೊಂಡವರು ಈಗ ಬಹಳ. ಮೊಬೈಲ್ ಫೋನೇ ಅವರ ಕನ್ನಡಿ. ಸತ್ಯವನ್ನೇ ತೋರಿಸುತ್ತಿದ್ದೇವೆ ಎನ್ನುತ್ತಾರೆ, ಅದೂ ಸುಳ್ಳಲ್ಲದಿರಬಹುದು. ಆದರೆ ಕಣ್ಣು ಕುಕ್ಕಿದವನಿಗೆ ಏನೂ ಕಾಣುವುದಿಲ್ಲ.

ಬಾವಿಯಲ್ಲಿ ಕಂಡದ್ದು

ಮೊದಲು ಹೇಳಿದ ಬಾವಿಯ ಮಾತು ಪೂರ್ತಿಯಾಗಲಿಲ್ಲ.

ಒಂದು ಏಪ್ರಿಲ್‌ನಲ್ಲಿ ನಮ್ಮ ಬಾವಿಗೆ ಕೊಡಪಾನ ಬಿತ್ತು. ಆ ವರ್ಷ ನೀರು ಎಂದೂ ಇಳಿಯದಷ್ಟು ಇಳಿದಿತ್ತು. ದೊಡ್ಡಪ್ಪ ಕನ್ನಡಿ ಹಿಡಿದು ಬೆಳಕನ್ನು ಗೋಡೆಯಗುಂಟ ಇಳಿಸುತ್ತಿದ್ದಾಗ, ಮುರಕಲ್ಲು ಕೊರೆದು ಆಗಿದ್ದ ಪೊಟರೆಯೊಂದರಲ್ಲಿ ಏನೋ ಹಸಿರಾಗಿ ಮಿನುಗಿತು. ಪಾತಾಳ ಗರಡಿಯಿಂದ ಮೊದಲು ನಮ್ಮ ಕೊಡಪಾನ ಬಂತು. ಆಮೇಲೆ ಬಹಳ ಹೊತ್ತು ಹೆಣಗಿ ಇನ್ನೊಂದನ್ನು ಎತ್ತಿದರು. ಕಿಲುಬು ಹಿಡಿದ ತಾಮ್ರದ ತಂಬಿಗೆ.

ಅಜ್ಜಿ ಅದನ್ನು ಕೈಯಲ್ಲಿ ಹಿಡಿದು ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು. ಅದು ಅವರ ತವರಿನ ತಂಬಿಗೆ. ಆರೇಳು ವರ್ಷದ ಹಿಂದೆ ಕಾಣೆಯಾದಾಗ ಮನೆಯಲ್ಲಿ ಪಾತ್ರೆ ತೊಳೆಯಲು ಬರುತ್ತಿದ್ದ ಹೆಂಗಸಿನ ಮೇಲೆ ಅನುಮಾನ ಬಂದಿತ್ತು. ಯಾರೂ ಕೂಗಾಡಿರಲಿಲ್ಲ. ನಾಳೆಯಿಂದ ಬರಬೇಡ ಎಂದಿದ್ದರು, ಅಷ್ಟೇ. ಊರಿನಲ್ಲಿ ಆ ಮಾತು ಹಬ್ಬಿ, ಆಮೇಲೆ ಅವಳನ್ನು ಬೇರೆ ಮನೆಯವರೂ ಒಳಗೆ ಸೇರಿಸಲಿಲ್ಲ. ಅವಳು ಬೀಡಿ ಕಟ್ಟಿ ಮಕ್ಕಳನ್ನು ಸಾಕಿದಳು.

ಮಧ್ಯಾಹ್ನದ ಊಟವೂ ಆಗಿರಲಿಲ್ಲ. ಇದನ್ನು ಯಾರಿಗೂ ಹೇಳುವುದು ಬೇಡ, ಸುಮ್ಮನೆ ಒಳಗಿಡಿ ಎಂದು ಮನೆಯಲ್ಲಿ ಒಂದಿಬ್ಬರು ಅಂದರು. ಅಜ್ಜಿ ಉತ್ತರ ಕೊಡಲಿಲ್ಲ. ಹುಣಸೆಹುಳಿ ಹಾಕಿ ತಂಬಿಗೆಯನ್ನು ತಿಕ್ಕಲೂ ಇಲ್ಲ. ಕಿಲುಬು ಇದ್ದ ಹಾಗೆಯೇ ಸೆರಗಿನಲ್ಲಿ ಸುತ್ತಿಕೊಂಡು, ಕೊಡೆ ಬಿಡಿಸಿ, ನನ್ನನ್ನು ಕರೆದುಕೊಂಡು ಗದ್ದೆಯಾಚೆಗಿನ ಆ ಮನೆಗೆ ನಡೆದರು. ಅವಳು ಜಗಲಿಯಲ್ಲಿ ಕೂತು ಬೀಡಿಯೆಲೆ ಕತ್ತರಿಸುತ್ತಿದ್ದಳು. ಅಜ್ಜಿಯನ್ನು ಕಂಡು ಎದ್ದು ನಿಂತಳು. ಅಜ್ಜಿ ತಂಬಿಗೆಯನ್ನು ಅವಳ ಮುಂದೆ ಜಗಲಿಯ ಮೇಲಿಟ್ಟು, "ಬಾವಿಯಲ್ಲಿತ್ತು ಮಗಳೇ" ಅಂದರು.

ಅವಳು ತುಂಬ ಹೊತ್ತು ಅದನ್ನೇ ನೋಡುತ್ತಿದ್ದಳು. ಆಮೇಲೆ ಒಳಗೆ ಹೋಗಿ ಒಂದು ಮಣೆ ತಂದು ಅಜ್ಜಿಗೆ ಕೂರಲು ಹಾಕಿದಳು.